ಆಚಾರ್ಯ ನಂದಲಾಲ್ ಬೋಸ್ (1882–1966): ಮಕ್ಕಳ ಕೈಗೆ ಕಲೆಯನ್ನಿತ್ತ ಗುರು

ಆಧುನಿಕ ಭಾರತೀಯ ಚಿತ್ರಕಲೆಯ ನಿರ್ಮಾತೃಗಳಲ್ಲಿ ಆಚಾರ್ಯ ನಂದಲಾಲ್ ಬೋಸ್ ಅವರು ಪ್ರಮುಖರು. ಭಾರತ ಸಂವಿಧಾನದ ಮೂಲ ಹಸ್ತಪ್ರತಿಯನ್ನು ಅಲಂಕರಿಸಿದವರೆಂದೂ, ದಂಡಿಯಾತ್ರೆಗೆ ಹೊರಟ ಮಹಾತ್ಮ ಗಾಂಧೀಜಿಯವರ ಪ್ರಸಿದ್ಧ ಕಪ್ಪು ಬಿಳುಪು ಚಿತ್ರವನ್ನು ರಚಿಸಿದವರೆಂದೂ ಇವರನ್ನು ನಾಡು ಬಲ್ಲದು. ಆದರೆ ಶಾಂತಿನಿಕೇತನದಲ್ಲಿ ಮೂರು ದಶಕಗಳ ಕಾಲ ಇವರು ನಡೆಸಿದ ಬೋಧನೆಯು ಇವರ ಚಿತ್ರಗಳಿಗಿಂತ ಕಡಿಮೆ ಮಹತ್ವದ್ದಲ್ಲ. ಕಲಾವಿದನೊಬ್ಬನನ್ನು ಅರಿಯಬೇಕಾದರೆ ಅವನು ಬಳಸಿದ ಮಣ್ಣು, ಬಣ್ಣ, ಉಳಿಗಳನ್ನು ಕಲಿಯುವವರೂ ಕೈಯಲ್ಲಿ ಹಿಡಿಯಬೇಕೆಂಬ ತತ್ವವನ್ನು ಇವರು ತಮ್ಮ ಶಿಷ್ಯರ ನಿತ್ಯಜೀವನದಲ್ಲಿಯೇ ಆಚರಣೆಗೆ ತಂದರು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಹೆಸರಾಂತ ಕಲಾವಿದರನ್ನು ಪರಿಚಯಿಸುವ ಶಿಕ್ಷಕರಿಗೆ ಇವರ ಜೀವನದಲ್ಲಿ ಉಪಯುಕ್ತವಾದ ಅನೇಕ ಸಂಗತಿಗಳು ದೊರೆಯುತ್ತವೆ.

ಜನನ ಮತ್ತು ಬಾಲ್ಯ

ನಂದಲಾಲ್ ಅವರು 1882ರ ಡಿಸೆಂಬರ್ 3ರಂದು ಇಂದಿನ ಬಿಹಾರದ ಮುಂಗೇರ್ ಜಿಲ್ಲೆಯ ಹವೇಲಿ ಖರಗ್‌ಪುರದಲ್ಲಿ ಬಂಗಾಳಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಪೂರ್ಣಚಂದ್ರ ಬೋಸ್ ಅವರು ದರ್ಭಂಗಾ ಸಂಸ್ಥಾನದ ಆಡಳಿತದಲ್ಲಿ ಉದ್ಯೋಗದಲ್ಲಿದ್ದರು. ತಾಯಿ ಕ್ಷೇತ್ರಮಣಿ ದೇವಿಯವರು ಗೊಂಬೆ ಮತ್ತು ಆಟಿಕೆಗಳನ್ನು ತಾವೇ ತಯಾರಿಸುವುದರಲ್ಲಿ ನಿಪುಣರಾಗಿದ್ದರು. ಮಗನಿಗೆ ಎಂಟು ವರ್ಷವಾಗುವ ವೇಳೆಗೆ ತಾಯಿ ತೀರಿಕೊಂಡರಾದರೂ ಅವರ ಕೈಚಳಕದ ನೆನಪು ಬಾಲಕನಲ್ಲಿ ಉಳಿಯಿತು. ಊರಿನ ಕುಂಬಾರರು ಮಣ್ಣಿಗೆ ರೂಪ ಕೊಡುವುದನ್ನು ನೋಡುತ್ತ, ತಾನೂ ಮೂರ್ತಿಗಳನ್ನು ಮಾಡುತ್ತ, ಪೂಜೆಯ ಮಂಟಪಗಳನ್ನು ಸಿಂಗರಿಸುತ್ತ ಆತನ ಬಾಲ್ಯ ಕಳೆಯಿತು. ಹೀಗೆ ಈ ಕಲಾವಿದರ ಮೊದಲ ಪಾಠಗಳು ಶಾಲೆಯ ಹೊರಗೆ ನಡೆದವು.

ಶಾಲೆಯ ಪಾಠಗಳು ಮಾತ್ರ ಅಷ್ಟು ಸುಗಮವಾಗಿರಲಿಲ್ಲ. 1898ರಲ್ಲಿ ವಿದ್ಯಾಭ್ಯಾಸಕ್ಕಾಗಿ ಕಲ್ಕತ್ತೆಗೆ ಬಂದ ಇವರು 1902ರಲ್ಲಿ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಅನಂತರದ ಕಾಲೇಜು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಅನುತ್ತೀರ್ಣರಾದರು. 1903ರಲ್ಲಿ ಸುಧೀರಾ ದೇವಿಯವರೊಡನೆ ವಿವಾಹವಾಗಿತ್ತು. ಸಂಸಾರದ ಹೊಣೆ ಹೆಗಲಿಗೇರಿದ್ದ ಯುವಕನೊಬ್ಬ ಉದ್ಯೋಗದ ದಾರಿಯನ್ನು ಬಿಟ್ಟು ಚಿತ್ರ ಬರೆಯಲು ಹೊರಡುವುದನ್ನು ಅಂದಿನ ಮಧ್ಯಮ ವರ್ಗದ ಮನೆಗಳು ಸಹಜವಾಗಿ ಒಪ್ಪುತ್ತಿರಲಿಲ್ಲ. ನಂದಲಾಲರು ವಾಣಿಜ್ಯ ಶಿಕ್ಷಣವನ್ನೂ ಪ್ರಯತ್ನಿಸಿ ಕೈಬಿಟ್ಟರು. ಕಡೆಗೆ ಮನೆಯವರ ಮನವೊಲಿಸಿ, 1905ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯನ್ನು ಸೇರಿದರು. ಅಲ್ಲಿ ಇ.ಬಿ. ಹ್ಯಾವೆಲ್ ಅವರು ಪ್ರಾಂಶುಪಾಲರಾಗಿದ್ದರು. ಅವನೀಂದ್ರನಾಥ ಠಾಕೂರರು ಗುರುಗಳಾಗಿ ದೊರೆತರು. ಪಾಶ್ಚಾತ್ಯ ಮಾದರಿಗಳನ್ನು ಅನುಕರಿಸುವುದೇ ಕಲಾಶಿಕ್ಷಣವೆನಿಸಿದ್ದ ಕಾಲದಲ್ಲಿ ಈ ಇಬ್ಬರೂ ಭಾರತೀಯ ಪರಂಪರೆಯತ್ತ ವಿದ್ಯಾರ್ಥಿಗಳ ದೃಷ್ಟಿಯನ್ನು ತಿರುಗಿಸಿದರು.

ಅಜಂತಾದ ಪಾಠ

1908ರಲ್ಲಿ ಇಂಡಿಯನ್ ಸೊಸೈಟಿ ಆಫ್ ಓರಿಯಂಟಲ್ ಆರ್ಟ್ ಸಂಸ್ಥೆಯ ಪ್ರದರ್ಶನದಲ್ಲಿ ನಂದಲಾಲರ ಶಿವ ಸತಿಯರ ಚಿತ್ರಕ್ಕೆ 500 ರೂಪಾಯಿಗಳ ಬಹುಮಾನ ದೊರೆಯಿತು. ಆ ಹಣದಿಂದ ಅವರು ದೇಶದ ಪ್ರಾಚೀನ ಕಲಾಸ್ಥಾನಗಳನ್ನು ನೋಡಲು ಪ್ರವಾಸ ಹೊರಟರು.

ಇದರ ಬೆನ್ನಲ್ಲೇ ಲೇಡಿ ಹೆರಿಂಗ್‌ಹ್ಯಾಮ್ ಅವರ ನೇತೃತ್ವದಲ್ಲಿ ಅಜಂತಾ ಗುಹೆಗಳ ಭಿತ್ತಿಚಿತ್ರಗಳನ್ನು ಪ್ರತಿ ಮಾಡುವ ಮಹತ್ಕಾರ್ಯ ನಡೆಯಿತು. ಅದರಲ್ಲಿ ನಂದಲಾಲ್, ಅಸಿತ್ ಕುಮಾರ್ ಹಲ್ದಾರ್, ಸಮರೇಂದ್ರನಾಥ ಗುಪ್ತ ಅವರೊಂದಿಗೆ ಕನ್ನಡ ನಾಡಿನ ಕೆ. ವೆಂಕಟಪ್ಪನವರೂ ಪಾಲ್ಗೊಂಡಿದ್ದರು. ಮೈಸೂರು ಸಂಸ್ಥಾನದ ನೆರವಿನಿಂದ ಕಲ್ಕತ್ತೆಗೆ ತೆರಳಿ ಅವನೀಂದ್ರನಾಥರ ಶಿಷ್ಯರಾಗಿದ್ದ ವೆಂಕಟಪ್ಪನವರು ನಂದಲಾಲರ ಸಹಪಾಠಿಗಳು. ಅವನೀಂದ್ರನಾಥರು ಭಾರತೀಯ ಕಲೆಯ ಅಂಗರಚನೆಯನ್ನು ಕುರಿತು ಬರೆದ ಗ್ರಂಥಕ್ಕೆ ಇವರಿಬ್ಬರೂ ರೇಖಾಚಿತ್ರಗಳನ್ನು ರಚಿಸಿಕೊಟ್ಟರು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿರುವ ವೆಂಕಟಪ್ಪ ಚಿತ್ರಶಾಲೆಯನ್ನು ಮಕ್ಕಳಿಗೆ ತೋರಿಸುವ ಶಿಕ್ಷಕರು ಈ ಒಡನಾಟವನ್ನು ನೆನಪಿಸಬಹುದು.

ಅಜಂತಾದ ಈ ಕೆಲಸ ಕೇವಲ ನಕಲಿನದಾಗಿರಲಿಲ್ಲ. ಗುಹೆಯ ಮಂದ ಬೆಳಕಿನಲ್ಲಿ ಗೋಡೆಯ ಮುಂದೆ ದಿನಗಟ್ಟಲೆ ನಿಂತು, ಒಂದು ಬೆರಳಿನ ಬಾಗು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂಬುದನ್ನು ಕುಂಚದಿಂದಲೇ ಹುಡುಕಬೇಕಾಗಿತ್ತು. ಹೆಸರು ತಿಳಿಯದ ಆ ಪ್ರಾಚೀನ ಕಲಾವಿದರನ್ನು ನಂದಲಾಲರು ತಮ್ಮ ಕೈಯ ಮೂಲಕ ಪರಿಚಯ ಮಾಡಿಕೊಂಡರು. ಅಚ್ಚು ಹಾಕಿದ ಗೆರೆಗಳ ನಡುವೆ ಬಣ್ಣ ತುಂಬಿಸುವುದಕ್ಕೂ ಇದಕ್ಕೂ ಇರುವ ಅಂತರವನ್ನು ಚಿತ್ರಕಲಾ ಶಿಕ್ಷಕರು ಗಮನಿಸಬೇಕು. ಮೊದಲನೆಯದರಲ್ಲಿ ನಿರ್ಧಾರಗಳೆಲ್ಲವೂ ಬೇರೊಬ್ಬರವು. ಮಗುವಿನ ಪಾಲಿಗೆ ಉಳಿಯುವುದು ಗೆರೆ ದಾಟದಿರುವ ಎಚ್ಚರಿಕೆಯೊಂದೇ. 1921ರಲ್ಲಿ ಮಧ್ಯಭಾರತದ ಬಾಘ್ ಗುಹೆಗಳ ಚಿತ್ರಗಳನ್ನು ಪ್ರತಿ ಮಾಡುವ ಕಾರ್ಯದಲ್ಲಿಯೂ ಇವರು ತೊಡಗಿದರು.

ಶಾಂತಿನಿಕೇತನದ ಕಲಾಭವನ

ರವೀಂದ್ರನಾಥ ಠಾಕೂರರು 1919ರಲ್ಲಿ ಶಾಂತಿನಿಕೇತನದಲ್ಲಿ ಕಲಾಭವನವನ್ನು ಸ್ಥಾಪಿಸಿ ನಂದಲಾಲರನ್ನು ಆಹ್ವಾನಿಸಿದರು. ಕಲ್ಕತ್ತೆಯಲ್ಲಿ ಗುರು ಅವನೀಂದ್ರನಾಥರ ಸಾನ್ನಿಧ್ಯ ಹಾಗೂ ಕಲಾವಿದನಿಗೆ ಬೇಕಾದ ಕೀರ್ತಿ ಎರಡೂ ಇದ್ದವು. ಪ್ರಿಯ ಶಿಷ್ಯನನ್ನು ಬಿಟ್ಟುಕೊಡಲು ಗುರುಗಳಿಗೆ ಮನಸ್ಸಿರಲಿಲ್ಲ. ಈ ಇಬ್ಬರು ಹಿರಿಯರ ನಡುವೆ ಕೆಲಕಾಲ ಓಲಾಡಿದ ನಂದಲಾಲರು ಕಡೆಗೆ ಬೀರ್‌ಭೂಮ್ ಜಿಲ್ಲೆಯ ಆ ಕೆಂಪು ಮಣ್ಣಿನ ಬಯಲನ್ನೇ ಆರಿಸಿಕೊಂಡರು. ಕಲಾಭವನದ ಮುಖ್ಯಸ್ಥರಾಗಿ 1951ರವರೆಗೆ ಅಲ್ಲಿಯೇ ಸೇವೆ ಸಲ್ಲಿಸಿದರು. ಆಶ್ರಮವಾಸಿಗಳೆಲ್ಲರಿಗೂ ಅವರು ಮಾಸ್ಟರ್ ಮೊಶಾಯ್ ಆಗಿದ್ದರು. ಬಂಗಾಳಿಯಲ್ಲಿ ಇದು ಮೇಷ್ಟ್ರನ್ನು ಗೌರವದಿಂದ ಕರೆಯುವ ಮಾತು.

ಕಲಾಭವನವಿದ್ದ ಆವರಣದಲ್ಲಿಯೇ ಚಿಕ್ಕ ಮಕ್ಕಳ ಶಾಲೆಯೂ ಇತ್ತು. ಕಲಾವಿದರು ಗೋಡೆಗಳ ಮೇಲೆ ಚಿತ್ರ ಬರೆಯುವುದನ್ನು, ಸುಣ್ಣ ಮತ್ತು ಬಣ್ಣ ಅರೆಯುವುದನ್ನು, ಮೂರ್ತಿ ಕಡೆಯುವುದನ್ನು ಮಕ್ಕಳು ದಿನವೂ ಕಾಣುತ್ತಿದ್ದರು. ಹಬ್ಬಗಳಿಗೆ ನೆಲದ ಮೇಲೆ ಅಲ್ಪನಾ ಬರೆಯುವುದು, ನಾಟಕಗಳಿಗೆ ರಂಗಸಜ್ಜಿಕೆ ಮಾಡುವುದು, ಸುತ್ತಲಿನ ಸಂತಾಲರ ಹಳ್ಳಿಗಳಲ್ಲಿ ಅಡ್ಡಾಡಿ ರೇಖಾಚಿತ್ರ ಬರೆಯುವುದು ಇವೆಲ್ಲವೂ ವ್ಯಾಸಂಗದ ಭಾಗಗಳಾಗಿದ್ದವು. ಮನೆಯ ಹೆಣ್ಣುಮಕ್ಕಳ ಕೆಲಸವೆಂದು ಪರಿಗಣಿತವಾಗಿದ್ದ ಅಲ್ಪನಾವನ್ನು ನಂದಲಾಲರು ಕಲಾಶಾಲೆಯ ವಿಷಯವನ್ನಾಗಿಸಿದರು. ಅವರ ಪುತ್ರಿ ಗೌರಿ ಭಂಜ ಅವರು ಮುಂದೆ ಈ ಕಲೆಯ ಹೆಸರಾಂತ ಶಿಕ್ಷಕಿಯಾದರು.

ನಂದಲಾಲರ ಬೋಧನೆಯಲ್ಲಿ ನೋಡುವುದು ಮತ್ತು ಮಾಡುವುದು ಬೇರೆ ಬೇರೆಯಾಗಿರಲಿಲ್ಲ. ಮರವು ಬುಡದಿಂದ ಮೇಲಕ್ಕೆ ಬೆಳೆಯುವುದರಿಂದ ಅದನ್ನು ಬರೆಯುವ ಕುಂಚವೂ ಬುಡದಿಂದಲೇ ಮೇಲಕ್ಕೆ ಸಾಗಬೇಕೆಂದು ಅವರು ಕಲಿಸಿದುದನ್ನು, 1940ರಿಂದ 1942ರವರೆಗೆ ಅಲ್ಲಿ ವಿದ್ಯಾರ್ಥಿಯಾಗಿದ್ದ ಚಲನಚಿತ್ರ ನಿರ್ದೇಶಕ ಸತ್ಯಜಿತ್ ರೇ ಅವರು ನೆನೆದಿದ್ದಾರೆ. ಏಳು ವರ್ಷದ ಮಗುವೂ ಈ ಪಾಠವನ್ನು ಶಾಲೆಯ ಅಂಗಳದ ಬೇವಿನ ಮರದ ಮುಂದೆ ಕುಳಿತು ಪರೀಕ್ಷಿಸಿ ನೋಡಬಹುದು.

ಎಲ್ಲರಿಗೂ ಕಲೆ ಎಂಬ ಮಾತು ಪರೀಕ್ಷೆಗೆ ಒಳಗಾದ ಪ್ರಸಂಗವೊಂದು ಕಲಾಭವನದ ಆರಂಭದ ದಿನಗಳಲ್ಲಿಯೇ ಒದಗಿತು. ಬಿನೋದ್ ಬಿಹಾರಿ ಮುಖರ್ಜಿ ಎಂಬ ಬಾಲಕನಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಇನ್ನೊಂದರ ದೃಷ್ಟಿಯೂ ತೀರ ಮಂದವಾಗಿತ್ತು. ಇಂತಹವನಿಗೆ ಚಿತ್ರಕಲೆ ಸಾಧ್ಯವೇ ಎಂದು ನಂದಲಾಲರೇ ಸಂದೇಹಪಟ್ಟರು. ಹುಡುಗನಿಗೆ ಆಸಕ್ತಿಯಿದ್ದು ಶ್ರದ್ಧೆಯಿಂದ ಕೆಲಸ ಮಾಡುವುದಾದರೆ ಅವನನ್ನು ತಡೆಯಬಾರದೆಂಬುದು ರವೀಂದ್ರರ ನಿಲುವಾಗಿತ್ತು. ನಂದಲಾಲರು ಅದನ್ನು ಮನ್ನಿಸಿ ಹುಡುಗನನ್ನು ಸೇರಿಸಿಕೊಂಡರು. ಬಿನೋದ್ ಬಿಹಾರಿಯವರು ಶಾಂತಿನಿಕೇತನದ ಹಿಂದಿ ಭವನದ ಭಿತ್ತಿಚಿತ್ರಗಳಂತಹ ಮೇರುಕೃತಿಗಳನ್ನು ನಿರ್ಮಿಸಿದರು. 1950ರ ದಶಕದಲ್ಲಿ ದೃಷ್ಟಿ ಸಂಪೂರ್ಣವಾಗಿ ನಷ್ಟವಾದ ಬಳಿಕವೂ ಕಾಗದವನ್ನು ಕತ್ತರಿಸಿ, ಮಣ್ಣನ್ನು ತಿದ್ದಿ, ಬೆರಳುಗಳ ಸ್ಪರ್ಶದಿಂದಲೇ ಕಲೆಯನ್ನು ಮುಂದುವರಿಸಿದರು. ಅವರನ್ನು ಕುರಿತು ಸತ್ಯಜಿತ್ ರೇ ಅವರು 1972ರಲ್ಲಿ ಸಾಕ್ಷ್ಯಚಿತ್ರವೊಂದನ್ನು ತಯಾರಿಸಿದರು.

ಕಪ್ಪು ಮನೆ

1930ರ ದಶಕದ ಮಧ್ಯದಲ್ಲಿ ಕಲಾಭವನದ ವಿದ್ಯಾರ್ಥಿಗಳಿಗಾಗಿ ಮಣ್ಣಿನ ವಸತಿಗೃಹವೊಂದು ಎದ್ದಿತು. ಮಳೆಯಿಂದಲೂ ಗೆದ್ದಲಿನಿಂದಲೂ ರಕ್ಷಣೆಗಾಗಿ ಗೋಡೆಗಳಿಗೆ ಡಾಂಬರು ಬಳಿದುದರಿಂದ ಅದು ಕಾಲೋ ಬಾಡಿ, ಅಂದರೆ ಕಪ್ಪು ಮನೆ, ಎಂದು ಹೆಸರಾಯಿತು. ಈ ಕಟ್ಟಡದ ಗೋಡೆಗಳ ಮೇಲೆ ನಂದಲಾಲರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿಗಳೂ ಅಧ್ಯಾಪಕರೂ ಸೇರಿ ಉಬ್ಬುಶಿಲ್ಪಗಳನ್ನು ಮೂಡಿಸಿದರು. ಸಿಂಧೂ ಕಣಿವೆಯ ಮುದ್ರೆಗಳು, ಭಾರ್ಹುತದ ಶಿಲ್ಪಗಳು, ಈಜಿಪ್ಟ್ ಮತ್ತು ಅಸ್ಸೀರಿಯಾದ ಆಕೃತಿಗಳು ಅಲ್ಲಿ ಬಂಗಾಳದ ಮಣ್ಣಿನಲ್ಲಿ ಮರುಹುಟ್ಟು ಪಡೆದವು.

ಜಗತ್ತಿನ ಕಲಾ ಇತಿಹಾಸವನ್ನು ಬೋಧಿಸಲು ಇದಕ್ಕಿಂತ ಅಗ್ಗದ ಹಾಗೂ ಸಮರ್ಥವಾದ ಸಾಧನವನ್ನು ಊಹಿಸುವುದು ಕಷ್ಟ. ಸಿಂಧೂ ಮುದ್ರೆಯ ಗೂಳಿಯ ಭುಜವನ್ನು ಮಣ್ಣಿನಲ್ಲಿ ಉಬ್ಬಿಸಲು ಹೊರಟವನು ಅದರ ತೂಕವೆಲ್ಲ ಮುಂಭಾಗದಲ್ಲಿದೆಯೆಂಬುದನ್ನು ಯಾರೂ ಹೇಳದೆಯೇ ಕಂಡುಕೊಳ್ಳುತ್ತಾನೆ. ಅಂಗೈ ಅಗಲದ ಜೇಡಿಮಣ್ಣಿನ ಹಲಗೆ ಮತ್ತು ಒಂದು ಬಿದಿರು ಕಡ್ಡಿ ಇದ್ದರೆ ಮೂರನೆಯ ತರಗತಿಯ ಮಕ್ಕಳೂ ಈ ಅಭ್ಯಾಸವನ್ನು ಮಾಡಬಲ್ಲರು.

ಮಕ್ಕಳ ಮೊದಲ ಪುಸ್ತಕ

1930ರಲ್ಲಿ ರವೀಂದ್ರನಾಥರು ಬಂಗಾಳಿ ಅಕ್ಷರಗಳನ್ನು ಕಲಿಯುವ ಮಕ್ಕಳಿಗಾಗಿ ರಚಿಸಿದ ಸಹಜ ಪಾಠ ಎಂಬ ಪುಸ್ತಕಕ್ಕೆ ನಂದಲಾಲರು ಚಿತ್ರಗಳನ್ನು ಒದಗಿಸಿದರು. ಅದೇ ವರ್ಷ ದಂಡಿಯಾತ್ರೆಯ ಗಾಂಧೀಜಿಯವರ ಚಿತ್ರವನ್ನೂ ಇವರು ಲಿನೋಲಿಯಂ ಹಾಳೆಯ ಮೇಲೆ ಕೆತ್ತಿ ಮುದ್ರಿಸಿದರು. ಕೋಲೂರಿ ನಡೆಯುವ ಆ ಆಕೃತಿಯಲ್ಲಿ ಕಪ್ಪು ಹಿನ್ನೆಲೆ ಮತ್ತು ಕೆಲವೇ ಬಿಳಿಯ ಗೆರೆಗಳ ಹೊರತು ಬೇರೇನೂ ಇಲ್ಲ.

ಪ್ರಸಿದ್ಧ ಕಲಾವಿದರೊಬ್ಬರು ದೇಶದ ಅತಿ ದೊಡ್ಡ ಘಟನೆಗೆ ಬಳಸಿದ ವಿಧಾನವನ್ನೇ ಐದಾರು ವರ್ಷದ ಮಕ್ಕಳ ಪುಸ್ತಕಕ್ಕೂ ಬಳಸಿದರೆಂಬುದು ಗಮನಾರ್ಹ. ಸಹಜ ಪಾಠದ ಚಿತ್ರಗಳಲ್ಲಿ ಮಕ್ಕಳನ್ನು ಮೆಚ್ಚಿಸುವ ಒಯ್ಯಾರವಿಲ್ಲ. ಹಳ್ಳಿಯ ಬದುಕು ದಟ್ಟವಾದ ಕಪ್ಪು ಬಿಳುಪಿನಲ್ಲಿ ನೇರವಾಗಿ ನಿಲ್ಲುತ್ತದೆ. ಬಂಗಾಳದ ತಲೆಮಾರುಗಳು ಅಕ್ಷರದೊಂದಿಗೆ ನಂದಲಾಲರನ್ನೂ ಕಲಿತವು, ಬಹುಶಃ ಅವರ ಹೆಸರನ್ನು ಅರಿಯುವ ಮೊದಲೇ.

ಈ ವಿಧಾನದ ಮರ್ಮ ಸರಳವಾದುದು. ಹಾಳೆಯ ಮೇಲೆ ಕೆತ್ತಿ ತೆಗೆದ ಭಾಗ ಬಿಳಿಯಾಗಿ ಉಳಿಯುತ್ತದೆ. ಉಬ್ಬಿ ನಿಂತ ಭಾಗಕ್ಕೆ ಮಸಿ ತಗುಲಿ ಕಾಗದದ ಮೇಲೆ ಅಚ್ಚೊತ್ತುತ್ತದೆ. ಎಡವು ಬಲವಾಗಿ, ಬಲವು ಎಡವಾಗಿ ಬೀಳುತ್ತದೆ. ಕೆತ್ತುವ ಉಳಿಗಳು ಹರಿತವಾಗಿರುವುದರಿಂದ ಅವುಗಳನ್ನು ಚಿಕ್ಕ ಮಕ್ಕಳ ಕೈಗೆ ಕೊಡುವಂತಿಲ್ಲ. ಅವುಗಳ ಬದಲಿಗೆ ಅಡ್ಡಲಾಗಿ ಹೆಚ್ಚಿದ ಬೆಂಡೆಕಾಯಿ, ಹೀರೇಕಾಯಿ ಅಥವಾ ಶಿಕ್ಷಕರೇ ಕೆತ್ತಿಕೊಟ್ಟ ಆಲೂಗೆಡ್ಡೆಯ ಹೋಳುಗಳನ್ನು ಬಳಸಬಹುದು. ಆಲೂಗೆಡ್ಡೆಯ ಮೇಲೆ ನೆಟ್ಟಗೆ ಕೆತ್ತಿದ ಕ ಅಕ್ಷರವು ಕಾಗದದ ಮೇಲೆ ತಿರುಗುಮುರುಗಾಗಿ ಬಿದ್ದಾಗ ಮಕ್ಕಳು ನಗುತ್ತಾರೆ. ಕೂಡಲೇ ಅದೇಕೆ ಹಾಗಾಯಿತೆಂದು ಕೇಳುತ್ತಾರೆ. ದಂಡಿಯಾತ್ರೆಯ ಚಿತ್ರವನ್ನು ತೋರಿಸಲು ಆ ಗಳಿಗೆ ಪ್ರಶಸ್ತವಾದುದು. ಯಾವ ಗೆರೆಯನ್ನು ಕೆತ್ತಿ ತೆಗೆದಿದ್ದಾರೆ, ಯಾವ ಭಾಗವನ್ನು ಹಾಗೆಯೇ ಬಿಟ್ಟಿದ್ದಾರೆ ಎಂಬುದನ್ನು ಅಚ್ಚು ಹಾಕಿ ನೋಡಿದ ಮಗು ತಾನೇ ಗುರುತಿಸುತ್ತದೆ. ಚಿತ್ರವನ್ನು ಮೊದಲೇ ತೋರಿಸಿ, ವಿವರಣೆ ನೀಡಿ, ಬಳಿಕ ಕೆಲಸಕ್ಕೆ ಹಚ್ಚಿದರೆ ಮಕ್ಕಳು ಅದನ್ನೇ ನಕಲು ಮಾಡಲು ಯತ್ನಿಸುವುದು ಸಾಮಾನ್ಯ. ಆದ್ದರಿಂದ ಕೈಕೆಲಸ ಮೊದಲು, ಕಲಾವಿದರ ಪರಿಚಯ ಅನಂತರ ಎಂಬ ಕ್ರಮವು ಹೆಚ್ಚು ಫಲಕಾರಿ.

ಹರಿಪುರದ ಭಿತ್ತಿಪತ್ರಗಳು

ಗಾಂಧೀಜಿಯವರ ಅಪೇಕ್ಷೆಯಂತೆ ನಂದಲಾಲರು 1936ರಲ್ಲಿ ಲಕ್ನೋ ಹಾಗೂ ಫೈಜ್‌ಪುರ ಕಾಂಗ್ರೆಸ್ ಅಧಿವೇಶನಗಳ ಕಲಾಸಜ್ಜಿಕೆಯಲ್ಲಿ ತೊಡಗಿದ್ದರು. 1938ರ ಫೆಬ್ರವರಿಯಲ್ಲಿ ಸುಭಾಷ್ ಚಂದ್ರ ಬೋಸ್ ಅವರ ಅಧ್ಯಕ್ಷತೆಯಲ್ಲಿ ಗುಜರಾತಿನ ಹರಿಪುರ ಗ್ರಾಮದಲ್ಲಿ ಅಧಿವೇಶನ ಸೇರಿದಾಗ ಅವರು ಇನ್ನೂ ದೊಡ್ಡ ಕಾರ್ಯವನ್ನು ಕೈಗೆತ್ತಿಕೊಂಡರು. ಚಿತ್ರಶಾಲೆಯ ಮೆಟ್ಟಿಲನ್ನೇ ಹತ್ತಿರದ ರೈತರು ಸಹಸ್ರಾರು ಸಂಖ್ಯೆಯಲ್ಲಿ ಸೇರುವ ಸ್ಥಳವದು. ಅವರ ಕಣ್ಣಿಗೆ ಬೀಳುವಂತೆ ದ್ವಾರಗಳಲ್ಲಿಯೂ ಮಂಟಪಗಳಲ್ಲಿಯೂ ತೂಗುಹಾಕಲು ಸುಮಾರು 400 ಭಿತ್ತಿಪತ್ರಗಳು ಸಿದ್ಧವಾದವು. ಇವುಗಳಲ್ಲಿ 80ಕ್ಕೂ ಹೆಚ್ಚಿನವನ್ನು ನಂದಲಾಲರೇ ಬರೆದರು. ಉಳಿದವನ್ನು ಅವರ ಮಾದರಿಗಳನ್ನನುಸರಿಸಿ ಶಿಷ್ಯರು ಪೂರೈಸಿದರು.

ಡೋಲು ಬಾರಿಸುವವನು, ಬಡಗಿ, ದರ್ಜಿ, ಹತ್ತಿ ಎಕ್ಕುವವನು, ವೀಣೆ ನುಡಿಸುವವಳು, ಮಗುವಿಗೆ ಹಾಲೂಡುವ ತಾಯಿ ಇಂತಹವರೇ ಈ ಚಿತ್ರಗಳ ನಾಯಕರು. ಬಂಗಾಳದ ಪಟಚಿತ್ರಗಾರರ ದಪ್ಪ ರೇಖೆ, ಮಣ್ಣಿನಿಂದ ದೊರೆತ ಅಗ್ಗದ ಬಣ್ಣಗಳು, ರಭಸದ ಕುಂಚ ಇವು ಅವುಗಳ ಲಕ್ಷಣಗಳು. ರಾಷ್ಟ್ರೀಯ ಹೋರಾಟದ ವೇದಿಕೆಯ ಮೇಲೆ ನಾಯಕರ ಭಾವಚಿತ್ರಗಳಿಗೆ ಬದಲಾಗಿ ಕುಶಲಕರ್ಮಿಗಳನ್ನು ಕೂರಿಸಿದುದು ಸಣ್ಣ ಸಂಗತಿಯಲ್ಲ.

ಶಾಲೆಗಳಲ್ಲಿ ಈ ಮಾಲೆಯನ್ನು ಪರಿಚಯಿಸುವುದು ಬಹಳ ಸುಲಭ. ಮಲೆನಾಡಿನ ಹಸೆ ಚಿತ್ತಾರದಲ್ಲಿ ಬಳಕೆಯಲ್ಲಿರುವ ಕೆಮ್ಮಣ್ಣು ಮತ್ತು ಅಕ್ಕಿ ಹಿಟ್ಟಿನ ಬಿಳುಪು ನಮ್ಮ ಮಕ್ಕಳಿಗೆ ಅಪರಿಚಿತವಲ್ಲ. ಮಕ್ಕಳು ತಮ್ಮ ಊರಿನ ಕಮ್ಮಾರರನ್ನೋ ಹೂವು ಕಟ್ಟುವವರನ್ನೋ ಮಾತನಾಡಿಸಿ, ಅವರ ಕೆಲಸದ ಭಂಗಿಯನ್ನು ನೋಡಿ ಬಂದು, ಹಳೆಯ ರಟ್ಟಿನ ಮೇಲೆ ದೊಡ್ಡದಾಗಿ ಬರೆಯಲಿ. ಬರೆದುದನ್ನು ತರಗತಿಯ ಒಳಗೆ ಬಚ್ಚಿಡದೆ ಶಾಲೆಯ ಹೊರಗೋಡೆಯ ಮೇಲೆ ಹಾಕುವುದು ಮುಖ್ಯ. ಚಿತ್ರದಲ್ಲಿರುವವರೇ ಬಂದು ನೋಡುವಂತಾಗಬೇಕು. ಕಲಾಭವನದಲ್ಲಿ ನಂದಲಾಲರಿಂದ ಕಲಿತ ದೇವಿ ಪ್ರಸಾದ್ ಅವರು 1944ರಲ್ಲಿ ಸೇವಾಗ್ರಾಮಕ್ಕೆ ತೆರಳಿ, ಗಾಂಧೀಜಿಯವರ ನಯೀ ತಾಲೀಮ್ ಶಾಲೆಯ ಮಕ್ಕಳೊಂದಿಗೆ ಅನೇಕ ವರ್ಷ ದುಡಿದು, ಕಲೆಯೇ ಶಿಕ್ಷಣದ ಬುನಾದಿಯೆಂಬ ವಿಚಾರವನ್ನು ಗ್ರಂಥರೂಪಕ್ಕೆ ತಂದರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಹ ಕಲೆಗೆ ಶಾಲಾ ಶಿಕ್ಷಣದ ಎಲ್ಲ ಹಂತಗಳಲ್ಲಿ ಸ್ಥಾನ ನೀಡಬೇಕೆಂದು ಶಿಫಾರಸು ಮಾಡಿತು.

ಸಂವಿಧಾನದ ಅಲಂಕರಣ

ಸ್ವಾತಂತ್ರ್ಯಾನಂತರ ಸಂವಿಧಾನದ ಮೂಲ ಪ್ರತಿಯನ್ನು ಚಿತ್ರಗಳಿಂದ ಅಲಂಕರಿಸುವ ಹೊಣೆ ನಂದಲಾಲರಿಗೂ ಅವರ ಶಿಷ್ಯರಿಗೂ ಬಂದಿತು. ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಅವರು ಇಂಗ್ಲಿಷ್ ಪಾಠವನ್ನು ಸುಂದರ ಹಸ್ತಾಕ್ಷರದಲ್ಲಿ ಬರೆದರು. ಅದರ 22 ಭಾಗಗಳಲ್ಲಿ ಸಿಂಧೂ ನಾಗರಿಕತೆಯಿಂದ ಸ್ವಾತಂತ್ರ್ಯ ಸಂಗ್ರಾಮದವರೆಗಿನ ಭಾರತದ ಕಥೆ ಚಿತ್ರಗಳಲ್ಲಿ ಹರಡಿದೆ. ಝಾನ್ಸಿಯ ರಾಣಿ ಲಕ್ಷ್ಮೀಬಾಯಿಯವರ ಜೊತೆಯಲ್ಲಿ ಮೈಸೂರಿನ ಟಿಪ್ಪು ಸುಲ್ತಾನರ ಚಿತ್ರವೂ ಇದರಲ್ಲಿದೆ. ಪೀಠಿಕೆಯ ಪುಟದ ಅಲಂಕಾರವು ಶಿಷ್ಯ ಬಿಯೋಹರ್ ರಾಮಮನೋಹರ ಸಿನ್ಹಾ ಅವರದು. ಗುರುವು ತನ್ನ ಜೀವಮಾನದ ಅತ್ಯಂತ ಗೌರವದ ಕೆಲಸವನ್ನೂ ಶಿಷ್ಯರೊಡನೆ ಹಂಚಿಕೊಂಡದ್ದು ಅವರ ರೀತಿಗೆ ತಕ್ಕುದೇ ಆಗಿತ್ತು.

ಕೊನೆಯ ವರ್ಷಗಳು

1951ರಲ್ಲಿ ನಿವೃತ್ತರಾದ ಮೇಲೂ ನಂದಲಾಲರು ಶಾಂತಿನಿಕೇತನವನ್ನು ತೊರೆಯಲಿಲ್ಲ. 1954ರಲ್ಲಿ ಭಾರತ ಸರ್ಕಾರವು ಪದ್ಮವಿಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. ಅಂಚೆ ಕಾರ್ಡುಗಳ ಮೇಲೆ ಪುಟ್ಟ ಚಿತ್ರಗಳನ್ನು ಬರೆದು ಶಿಷ್ಯರಿಗೂ ಮಿತ್ರರಿಗೂ ಕಳುಹಿಸುವ ಅವರ ಅಭ್ಯಾಸ ಪ್ರಸಿದ್ಧವಾದುದು. ಇಳಿವಯಸ್ಸಿನಲ್ಲಿ ಬಣ್ಣದ ಕಾಗದದ ಚೂರುಗಳನ್ನು ಹರಿದು ಅಂಟಿಸಿ ಆಕೃತಿಗಳನ್ನು ಮಾಡುವುದರಲ್ಲಿಯೂ ಅವರು ಆಸಕ್ತಿ ವಹಿಸಿದರು. ಅಜಂತಾದಿಂದ ಆರಂಭಿಸಿದ ಕಲಾವಿದರು ಕಡೆಗೆ ಯಾವ ಮಗುವಿನ ಕೈಗೂ ಎಟಕುವ ಹರಿದ ಕಾಗದದ ಬಳಿಗೆ ಬಂದರು.

1966ರ ಏಪ್ರಿಲ್ 16ರಂದು ನಂದಲಾಲ್ ಬೋಸ್ ಅವರು ಕಲ್ಕತ್ತೆಯಲ್ಲಿ ನಿಧನ ಹೊಂದಿದರು. ಅವರ ಸಾವಿರಾರು ಕೃತಿಗಳು ನವದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಸಂರಕ್ಷಿತವಾಗಿವೆ. ಅವರ ಜನ್ಮದಿನದ ನೆನಪಿಗಾಗಿ 1973ರಿಂದ ಕಲಾಭವನದಲ್ಲಿ ಡಿಸೆಂಬರ್ 1 ಮತ್ತು 2ರಂದು ನಂದನ ಮೇಳ ನಡೆಯುತ್ತ ಬಂದಿದೆ. ವಿದ್ಯಾರ್ಥಿಗಳೂ ಅಧ್ಯಾಪಕರೂ ತಾವೇ ತಯಾರಿಸಿದ ಮಣ್ಣಿನ ಪಾತ್ರೆ, ಮುದ್ರಣಚಿತ್ರ, ಆಭರಣಗಳನ್ನು ಅಲ್ಲಿ ಮಾರುತ್ತಾರೆ. ಬಂದ ಹಣವು ವಿದ್ಯಾರ್ಥಿಗಳ ನೆರವಿನ ನಿಧಿಗೆ ಸೇರುತ್ತದೆ.